ಹೊಸ್ತಿಲಿನಿಂದ ಒಳಮನೆಗೆ: ಮನೆಯೊಳಗಿನ ವೈಫೈ ಜಾಲ

ಹರಿಹರದಿಂದ ಹರಪನಹಳ್ಳಿಗೆ ಹೋಗುವ ದಾರಿಯಲ್ಲಿರುವ ತೆಲಿಗಿಯಂಥ ಹೋಬಳಿ ಊರುಗಳಲ್ಲಿ ಇಂದು ಪಹಣಿ ತೆಗೆಸುವುದರಿಂದ ಹಿಡಿದು ಮಕ್ಕಳ ಪಾಠ, ಮೆಕ್ಕೆಜೋಳದ ಪೇಟೆ ಧಾರಣೆ, ಬ್ಯಾಂಕಿನ ವ್ಯವಹಾರದವರೆಗೆ ಅನೇಕ ಕೆಲಸಗಳು ಅಂತರ್ಜಾಲವನ್ನು ಅವಲಂಬಿಸಿವೆ. ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯತಿಗಳಿಗೆ ಆಪ್ಟಿಕಲ್ ಫೈಬರ್, ಅಂದರೆ ಬೆಳಕನ್ನು ಹೊತ್ತು ಸಾಗುವ ಕೂದಲೆಳೆಯಷ್ಟು ತೆಳುವಾದ ಗಾಜಿನ ತಂತು, ಮುಟ್ಟಬೇಕೆಂಬ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ಕೊಟ್ಟಿತು. ಮುಂದೆ ಅದಕ್ಕೆ ಭಾರತ್‌ನೆಟ್ ಎಂಬ ಹೆಸರು ಬಂದಿತು. ಪಂಚಾಯತಿಯಿಂದಾಚೆಗೆ ಆ ತಂತುವನ್ನು ಮನೆಯ ಹೊಸ್ತಿಲವರೆಗೆ ತಂದುಕೊಡುವುದು ಸೇವೆ ನೀಡುವ ಸಂಸ್ಥೆಯ ಹೊಣೆಯಾದರೆ, ಹೊಸ್ತಿಲಿನಿಂದ ಒಳಮನೆಯವರೆಗಿನ ಮೂವತ್ತು ನಲವತ್ತು ಅಡಿಯ ದಾರಿ ಮನೆಯವರ ಹೊಣೆ. ಹೆಚ್ಚು ಹಣ ಕೊಟ್ಟು ಪಡೆದ ವೇಗ ಬಹುಪಾಲು ಸೋರಿಹೋಗುವುದು ಈ ಕೊನೆಯ ದಾರಿಯಲ್ಲಿಯೇ. ಅದನ್ನು ತಡೆಯುವ ತಿಳಿವಳಿಕೆಯಾದರೋ ಯಾವ ಮನೆಗೂ ಎಟುಕದ್ದಲ್ಲ.

ಫೈಬರ್ ಬಂದು ಸೇರುವ ಪೆಟ್ಟಿಗೆಯನ್ನು ಒಎನ್‌ಟಿ ಎನ್ನುತ್ತಾರೆ. ಗಾಜಿನೆಳೆಯಲ್ಲಿ ಬಂದ ಬೆಳಕಿನ ಸಂಕೇತವನ್ನು ವಿದ್ಯುತ್ ಸಂಕೇತವಾಗಿ ಬದಲಿಸುವುದು ಅದರ ಕೆಲಸ. ಹಳೆಯ ದೂರವಾಣಿ ತಂತಿಯ ಮೇಲೆ ಬಿಎಸ್‌ಎನ್‌ಎಲ್ 2005ರ ಜನವರಿಯಲ್ಲಿ ಬ್ರಾಡ್‌ಬ್ಯಾಂಡ್ ಸೇವೆ ಆರಂಭಿಸಿದಾಗ ಇದೇ ಬಗೆಯ ಕೆಲಸವನ್ನು ಮೋಡೆಮ್ ಮಾಡುತ್ತಿತ್ತು. ರೌಟರ್ ಎಂಬುದು ಬಂದ ಒಂದು ಸಂಪರ್ಕವನ್ನು ಮನೆಯ ಹಲವು ಸಾಧನಗಳಿಗೆ ಹಂಚುವ ಯಂತ್ರ. ಒಂದು ಕಾಲುವೆಯ ನೀರನ್ನು ಮಡಿಮಡಿಗೆ ತಿರುಗಿಸುವ ನೀರುಗಂಟಿಯ ಕೆಲಸ ಅದರದು. ಈಗ ಮನೆಗಳಿಗೆ ಬರುವ ಪೆಟ್ಟಿಗೆಗಳಲ್ಲಿ ಒಎನ್‌ಟಿ, ರೌಟರ್ ಎರಡೂ ಒಂದರಲ್ಲೇ ಅಡಕವಾಗಿರುವುದುಂಟು. ಪೆಟ್ಟಿಗೆಯ ಮುಖದಲ್ಲಿರುವ ಪುಟ್ಟ ದೀಪಗಳನ್ನು ಓದಲು ಕಲಿತರೆ ಅರ್ಧ ತೊಂದರೆ ಮನೆಯಲ್ಲೇ ತಿಳಿಯುತ್ತದೆ. ಪಿಒಎನ್ ಎಂದು ಬರೆದ ದೀಪ ಹಸಿರಾಗಿ ಸ್ಥಿರವಾಗಿದ್ದರೆ ಬೆಳಕು ಸರಿಯಾಗಿ ಬರುತ್ತಿದೆ ಎಂದರ್ಥ. ಎಲ್‌ಒಎಸ್ ಎಂಬ ದೀಪ ಕೆಂಪಾಗಿ ಉರಿದರೆ ಫೈಬರ್ ಎಲ್ಲೋ ತುಂಡಾಗಿದೆ, ಕಳಚಿದೆ, ಇಲ್ಲವೇ ಗೋಡೆಯ ಮೂಲೆಯಲ್ಲಿ ಚೂಪಾಗಿ ಮಡಿಸಿಕೊಂಡು ಬೆಳಕು ಸೋರುತ್ತಿದೆ ಎಂದರ್ಥ. ಕಳಚಿದ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಬಾರದು, ಏಕೆಂದರೆ ಅದರಿಂದ ಹೊಮ್ಮುವುದು ಕಣ್ಣಿಗೆ ಕಾಣದ ಅವರಕ್ತ ಲೇಸರ್ ಬೆಳಕು.

ರೌಟರಿನಿಂದ ಮೊಬೈಲಿಗೆ ತಂತಿಯಿಲ್ಲದೆ ಮಾಹಿತಿ ಸಾಗುವುದು ರೇಡಿಯೊ ತರಂಗಗಳ ಮೂಲಕ. ಇದರ ಮೊದಲ ಮಾನಕವನ್ನು ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆ 1997ರಲ್ಲಿ ಪ್ರಕಟಿಸಿತು; ವೈಫೈ ಎಂಬ ಹೆಸರು ಅನಂತರದ್ದು. ಭಾರತದಲ್ಲಿ ಇದಕ್ಕೆ ಬೇಕಾದ ತರಂಗಾಂತರಗಳನ್ನು ಮನೆಯೊಳಗೆ ಪರವಾನಗಿಯಿಲ್ಲದೆ ಬಳಸಲು ಅವಕಾಶವಿದೆ. ಇಂದಿನ ರೌಟರುಗಳು ಸಾಮಾನ್ಯವಾಗಿ ಎರಡು ಪಟ್ಟಿಗಳಲ್ಲಿ ಕೆಲಸ ಮಾಡುತ್ತವೆ. 2.4 ಗಿಗಾಹರ್ಟ್ಸ್ ಪಟ್ಟಿಯ ಅಲೆಯ ಉದ್ದ ಸುಮಾರು ಹನ್ನೆರಡೂವರೆ ಸೆಂಟಿಮೀಟರು; ಅದು ಗೋಡೆಗಳನ್ನು ದಾಟಿ ಹೆಚ್ಚು ದೂರ ಮುಟ್ಟುತ್ತದೆ, ಆದರೆ ವೇಗ ಕಡಿಮೆ. 5 ಗಿಗಾಹರ್ಟ್ಸ್ ಪಟ್ಟಿಯದು ಸುಮಾರು ಆರು ಸೆಂಟಿಮೀಟರು. ವೇಗ ಹೆಚ್ಚು, ಆದರೆ ಒಂದೆರಡು ಗೋಡೆಗಳಲ್ಲೇ ಕುಗ್ಗುತ್ತದೆ. ಆದ್ದರಿಂದ ರೌಟರ್ ಇರುವ ಕೋಣೆಯಲ್ಲಿ ಎರಡನೆಯದನ್ನೂ ದೂರದ ಕೋಣೆಗಳಲ್ಲಿ ಮೊದಲನೆಯದನ್ನೂ ಬಳಸುವುದು ಲೇಸು.

ರೌಟರ್ ಎಲ್ಲಿರಬೇಕು ಎಂಬುದು ಈ ಇಡೀ ವಿಚಾರದ ಜೀವಾಳ. ಈ ಸೀಮೆಯ ಹಳೆಯ ಮಾಳಿಗೆ ಮನೆಗಳಲ್ಲಿ ಕಲ್ಲು ಮಣ್ಣಿನ ಗೋಡೆಗಳು ಒಂದೂವರೆ ಎರಡು ಅಡಿ ದಪ್ಪವಿರುತ್ತವೆ. ಬಿಸಿಲನ್ನು ತಡೆದು ಮನೆಯನ್ನು ತಂಪಾಗಿಡುವ ಆ ದಪ್ಪವೇ ತರಂಗಗಳನ್ನೂ ಹೀರಿಕೊಳ್ಳುತ್ತದೆ. ಹೊಸ ತಾರಸಿ ಮನೆಗಳಲ್ಲಿ ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳುಗಳೂ, ತಗಡಿನ ಮನೆಗಳಲ್ಲಿ ತಗಡೂ ತರಂಗಗಳಿಗೆ ಅಡ್ಡಬರುತ್ತವೆ. ಫೈಬರ್ ಪಡಸಾಲೆಯ ಕಿಟಕಿಯಿಂದ ಒಳಬರುವುದರಿಂದ ಪೆಟ್ಟಿಗೆಯನ್ನು ಅಲ್ಲಿಯೇ, ಟಿ.ವಿ.ಯ ಹಿಂದೆಯೋ ಕಬ್ಬಿಣದ ಬೀರುವಿನ ಪಕ್ಕದಲ್ಲೋ ಗೋಡೆಯ ಗೂಡಿನೊಳಗೋ ಇಟ್ಟುಬಿಡುವುದು ವಾಡಿಕೆ. ಹಾಗಿಟ್ಟಾಗ ತರಂಗಗಳಲ್ಲಿ ಬಹುಭಾಗ ಬೀದಿಗೆ ಹರಿದು, ಉಳಿದದ್ದನ್ನು ಲೋಹ ಮತ್ತು ಗೋಡೆಗಳು ನುಂಗಿ, ನಡುಮನೆಯಾಚೆ ಓದಲು ಕುಳಿತ ಮಗುವಿಗೆ ಸುತ್ತುವ ಚಕ್ರವಷ್ಟೇ ಕಾಣುತ್ತದೆ. ಫೈಬರನ್ನೋ ಸಾಧನಗಳನ್ನು ಜೋಡಿಸುವ ಲ್ಯಾನ್ ತಂತಿಯನ್ನೋ ಇನ್ನಷ್ಟು ಒಳಗೆ ಎಳೆಸಿ, ಮನೆಯ ನಡುಭಾಗದಲ್ಲಿ, ಬಾಗಿಲುಗಳು ಒಂದರೆದುರು ಒಂದು ತೆರೆದುಕೊಳ್ಳುವ ನೇರದಲ್ಲಿ, ಆಳೆತ್ತರದಲ್ಲಿ ಬಯಲಾಗಿ ಇಡಿಸುವುದು ಸರಿಯಾದ ಕ್ರಮ. ಕಡ್ಡಿಯಂತಿರುವ ಆಂಟೆನಾದಿಂದ ತರಂಗಗಳು ಉದ್ದಿನ ವಡೆಯ ಆಕಾರದಲ್ಲಿ ಹರಡುತ್ತವೆ, ಕಡ್ಡಿ ವಡೆಯ ತೂತಿನಲ್ಲಿ ನಿಂತಿರುತ್ತದೆ; ಎಂದರೆ ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿದರೆ ಅದೇ ಅಂತಸ್ತಿನ ಕೋಣೆಗಳಿಗೆ, ಒಂದನ್ನು ಅಡ್ಡಲಾಗಿ ಮಲಗಿಸಿದರೆ ಮಹಡಿಗೆ ಹೆಚ್ಚು ಮುಟ್ಟುತ್ತದೆ. ಮೈಕ್ರೊವೇವ್ ಒಲೆ ಕೂಡ 2.4 ಗಿಗಾಹರ್ಟ್ಸಿನ ಆಸುಪಾಸಿನಲ್ಲೇ ಕೆಲಸ ಮಾಡುವುದರಿಂದ ಅದರ ನೆರೆ ಸಲ್ಲದು.

ಜಾಗ ಗೊತ್ತಾದ ಮೇಲೆ ಹೊಂದಿಸುವ ಕೆಲಸ. ರೌಟರಿನ ತಳಕ್ಕೆ ಅಂಟಿಸಿದ ಚೀಟಿಯಲ್ಲಿ ಜಾಲದ ಹೆಸರು, ಮೊದಲ ಪಾಸ್‌ವರ್ಡ್, ರೌಟರನ್ನು ಹೊಂದಿಸುವ ಒಳಪುಟದ ವಿಳಾಸ ಇರುತ್ತವೆ. ಮೊಬೈಲನ್ನು ಆ ಜಾಲಕ್ಕೆ ಸೇರಿಸಿ, ಬ್ರೌಸರಿನಲ್ಲಿ ಆ ವಿಳಾಸವನ್ನು, ಬಹಳ ಕಡೆ 192.168.1.1 ಎಂಬುದನ್ನು, ಬರೆದರೆ ರೌಟರಿನ ಒಳಪುಟ ತೆರೆಯುತ್ತದೆ. 192.168ರಿಂದ ಆರಂಭವಾಗುವ ವಿಳಾಸಗಳು ಮನೆಯೊಳಗಷ್ಟೇ ಸಲ್ಲುವಂಥವು. ಹಳೆಯ ಪದ್ಧತಿಯ ಅಂತರ್ಜಾಲ ವಿಳಾಸಗಳು ಜಗತ್ತಿಗೆಲ್ಲ ಸೇರಿ ಸುಮಾರು 430 ಕೋಟಿ ಮಾತ್ರ ಇರುವುದರಿಂದ, ಹೊರಗಿನ ಒಂದು ವಿಳಾಸದ ಮರೆಯಲ್ಲಿ ಮನೆಯ ಎಲ್ಲ ಸಾಧನಗಳನ್ನೂ ನಡೆಸುವ ಈ ಏರ್ಪಾಡು ಬೇಕಾಯಿತು. ಪ್ರತಿ ಸಾಧನಕ್ಕೂ ಒಳವಿಳಾಸವನ್ನು ರೌಟರೇ ತಾನಾಗಿ ಕೊಡುತ್ತದೆ; ಈ ಹಂಚಿಕೆಗೆ ಡಿಎಚ್‌ಸಿಪಿ ಎಂದು ಹೆಸರು. ನೆರೆಮನೆಗಳಲ್ಲೂ ವೈಫೈ ಇದ್ದಲ್ಲಿ 2.4 ಗಿಗಾಹರ್ಟ್ಸಿನಲ್ಲಿ ಒಂದಕ್ಕೊಂದು ತಾಗದ 1, 6, 11 ಎಂಬ ಮೂರು ಚಾನೆಲ್‌ಗಳಲ್ಲಿ ಖಾಲಿಯಿರುವುದನ್ನು ಆರಿಸಿಕೊಳ್ಳಬೇಕು.

ಜಾಲಕ್ಕೆ ಹಾಕುವ ಬೀಗದ, ಅಂದರೆ ಪಾಸ್‌ವರ್ಡಿನ, ಮಾತು ಇದಕ್ಕಿಂತ ದೊಡ್ಡದು. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬ್ ಸ್ಫೋಟಗಳಾದಾಗ ಹೊಣೆ ಹೊತ್ತು ಕಳಿಸಿದ ಇ-ಮೇಲ್, ನವಿ ಮುಂಬಯಿಯ ಮನೆಯೊಂದರ ಬೀಗವಿಲ್ಲದ ವೈಫೈ ಮೂಲಕ ಹೊರಟಿತ್ತೆಂದು ತನಿಖೆಯಲ್ಲಿ ಕಂಡುಬಂದಿತು. ತಮ್ಮದಲ್ಲದ ಕೃತ್ಯಕ್ಕೆ ಮನೆಯವರು ವಿಚಾರಣೆ ಎದುರಿಸಬೇಕಾಯಿತು. ಇಂಥದಕ್ಕೆ ಎಡೆಗೊಡದಿರಲು ಡಬ್ಲ್ಯುಪಿಎ2 ಅಥವಾ 2018ರಲ್ಲಿ ಬಂದ ಡಬ್ಲ್ಯುಪಿಎ3 ಎಂಬ ಗೂಢಲಿಪಿ ವಿಧಾನವನ್ನೇ ಆರಿಸಬೇಕು. ಹಳೆಯ ಡಬ್ಲ್ಯುಇಪಿ ನಿಮಿಷಗಳಲ್ಲಿ ಮುರಿಯುವಂಥದು. ಮನೆದೇವರ ಹೆಸರು, ಬೈಕಿನ ನಂಬರು, ಫೋನ್ ನಂಬರುಗಳನ್ನು ಪಾಸ್‌ವರ್ಡ್ ಮಾಡದೆ, ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಜೋಡಿಸಿದರೆ ನೆನಪಿಗೂ ಸುಲಭ, ಊಹೆಗೂ ಕಠಿಣ. ಒಳಪುಟ ತೆರೆಯುವ ಪಾಸ್‌ವರ್ಡನ್ನೂ ತಪ್ಪದೆ ಬದಲಿಸಬೇಕು, ನೆಂಟರಿಷ್ಟರಿಗೆ ಬೇರೆಯೇ ಅತಿಥಿ ಜಾಲ ತೆರೆದುಕೊಡಬೇಕು.

ಇಷ್ಟಾದ ಮೇಲೂ ವೇಗ ಸಾಲದೆಂದು ಕಂಡರೆ ಮೊದಲು ಲೆಕ್ಕ ನೋಡಬೇಕು. ಯೋಜನೆಯಲ್ಲಿ ಹೇಳುವ ಎಂಬಿಪಿಎಸ್ ಎಂಬುದು ಸೆಕೆಂಡಿಗೆ ಮೆಗಾಬಿಟ್; ಕಡತಗಳನ್ನು ಅಳೆಯುವುದು ಮೆಗಾಬೈಟಿನಲ್ಲಿ, ಎಂಟು ಬಿಟ್ ಸೇರಿ ಒಂದು ಬೈಟ್. ಆದ್ದರಿಂದ 40 ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 5 ಮೆಗಾಬೈಟ್ ಇಳಿಯುತ್ತದೆ. ರೌಟರಿನ ಪಕ್ಕದಲ್ಲಿ ನಿಂತಾಗ ಸರಿಯಾಗಿದ್ದು ದೂರದ ಕೋಣೆಯಲ್ಲಿ ಕುಗ್ಗಿದರೆ ದೋಷ ಸಂಪರ್ಕದ್ದಲ್ಲ, ದಾರಿಯದು. ಆಗ ಲ್ಯಾನ್ ತಂತಿ ಎಳೆದು ಎರಡನೆಯ ರೌಟರ್ ಇಡುವುದು ಎಲ್ಲಕ್ಕಿಂತ ಗಟ್ಟಿ ಉಪಾಯ. ಅಂಥ ತಂತಿ ನೂರು ಮೀಟರಿನವರೆಗೆ ಸಲ್ಲುತ್ತದೆ. ತಂತಿಯ ಬದಲು ವೈಫೈ ಸಿಗ್ನಲನ್ನೇ ಹಿಡಿದು ಮರುಪ್ರಸಾರ ಮಾಡುವ ರಿಪೀಟರ್ ಇಡುವುದಾದರೆ ಸಿಗ್ನಲ್ ಸತ್ತ ಮೂಲೆಯಲ್ಲಲ್ಲ, ಚೆನ್ನಾಗಿ ಸಿಗುವ ನಡುದಾರಿಯಲ್ಲಿ ಇಡಬೇಕು, ಏಕೆಂದರೆ ತನಗೆ ಬಂದದ್ದನ್ನಷ್ಟೇ ಅದು ಮುಂದೆ ದಾಟಿಸಬಲ್ಲದು.

ಕರೆಂಟು ಹೋಗಿ ಬರುವ ಊರುಗಳಲ್ಲಿ ರೌಟರಿಗೊಂದು ಸಣ್ಣ ಯುಪಿಎಸ್ ಅಗತ್ಯ. ಬಹುತೇಕ ಪೆಟ್ಟಿಗೆಗಳು 12 ವೋಲ್ಟಿನಲ್ಲಿ ನಡೆಯುತ್ತವೆಯಾದರೂ ಅಡಾಪ್ಟರಿನ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್ ನೋಡಿಯೇ ಕೊಳ್ಳಬೇಕು. ಗುಡುಗು ಸಿಡಿಲಿನ ಮುಂಗಾರಿನ ಸಂಜೆ ಅಡಾಪ್ಟರನ್ನು ಕಿತ್ತಿಡುವುದು ಒಳ್ಳೆಯದು. ಗಾಜಿನೆಳೆ ವಿದ್ಯುತ್ತನ್ನು ಹರಿಸದಿದ್ದರೂ ಗೋಡೆಯ ಪ್ಲಗ್ಗು ಹರಿಸುತ್ತದೆ.

ಕೊನೆಯ ಕೆಲಸಕ್ಕೆ ಯಂತ್ರ ಬೇಡ, ಒಂದು ನೋಟ್‌ಪುಸ್ತಕ ಸಾಕು. ಜಾಲದ ಹೆಸರು, ಎರಡೂ ಪಾಸ್‌ವರ್ಡುಗಳು, ಗ್ರಾಹಕ ಸಂಖ್ಯೆ, ದೂರು ಕೊಡುವ ನಂಬರು, ಯಾವ ದೀಪ ಏನು ಹೇಳುತ್ತದೆ ಎಂಬ ನಾಲ್ಕು ಸಾಲು, ಇವನ್ನು ಕನ್ನಡದಲ್ಲಿ ಬರೆದು ಪಹಣಿ ಪಟ್ಟಾ ಪತ್ರಗಳ ಜೊತೆಗೆ ಬೀರುವಿನಲ್ಲಿಡಬೇಕು. ಜಾಲವನ್ನು ಹೊಂದಿಸಿದ ಮಗನೋ ಮಗಳೋ ಓದಿಗೆಂದು, ನೌಕರಿಗೆಂದು ದಾವಣಗೆರೆಗೋ ಬೆಂಗಳೂರಿಗೋ ಹೊರಟ ಮೇಲೂ, ಕೆಂಪು ದೀಪ ಉರಿದ ದಿನ ಮನೆಯಲ್ಲಿ ಉಳಿದ ಹಿರಿಯರು ಯಾರನ್ನೂ ಕಾಯದೆ ಆ ಪುಟ ತೆರೆದು, ತುದಿ ಕಳಚಿದೆಯೇ ಎಂದು ತಾವೇ ನೋಡುವಂತಾಗಬೇಕು.