ಮಾಕ್ಸನ್ ಟೆನಿಸನ್

ಮಾಕ್ಸನ್ ಟೆನಿಸನ್ ಎಂಬುದು ಆಂಗ್ಲ ಕವಿ ಆಲ್ಫ್ರೆಡ್ ಟೆನಿಸನ್‌ನ ಕವಿತೆಗಳ ಸಚಿತ್ರ ಆವೃತ್ತಿಗೆ ರೂಢಿಯಲ್ಲಿರುವ ಹೆಸರು. ಲಂಡನ್ನಿನ ಪ್ರಕಾಶಕ ಎಡ್ವರ್ಡ್ ಮಾಕ್ಸನ್ ಇದನ್ನು 1857ರಲ್ಲಿ ಹೊರತಂದನು. ವಿಕ್ಟೋರಿಯಾ ಯುಗದ ಕಾವ್ಯಕ್ಕೂ ಚಿತ್ರಕ್ಕೂ ಇದ್ದ ಸಂಬಂಧವನ್ನು ಅರಿಯಲು ಇದೊಂದು ಮುಖ್ಯ ಗ್ರಂಥ. ಇದರ 54 ಚಿತ್ರಗಳಲ್ಲಿ 30 ಚಿತ್ರಗಳು ಪ್ರಿ-ರಾಫೆಲೈಟ್ ಪಂಥದ ಮೂವರು ತರುಣರವು: ಮಿಲೇ 18, ಹಂಟ್ 7, ರೊಸೆಟ್ಟಿ 5. ಉಳಿದವು ಮಲ್‌ರೆಡಿ, ಮ್ಯಾಕ್ಲೀಸ್, ಕ್ರೆಸ್ವಿಕ್ ಮೊದಲಾದ ಹಿರಿಯರವು. ಇವರ ಶೈಲಿ ಬೇರೆ, ತರುಣರ ಶೈಲಿ ಬೇರೆ. ಆದ್ದರಿಂದ ಗ್ರಂಥಕ್ಕೆ ಏಕರೂಪತೆ ಇಲ್ಲ.

'''ತಯಾರಿಕೆ'''

ಚಿತ್ರಗಳು ಮರದ ಅಚ್ಚಿನವು. ಕಲಾವಿದನು ಮರದ ಹಲಗೆಯ ಮೇಲೆಯೇ ಚಿತ್ರ ಬರೆಯುತ್ತಿದ್ದನು. ಕೆತ್ತನೆಗಾರನು ಗೆರೆಗಳನ್ನು ಉಳಿಸಿ ಮಿಕ್ಕ ಭಾಗವನ್ನು ಕೊರೆಯುತ್ತಿದ್ದನು. ಇದರಿಂದ ಮೂಲಚಿತ್ರವು ನಾಶವಾಗುತ್ತಿತ್ತು. ಡಾಲ್ಜಿಯೆಲ್ ಸಹೋದರರ ಕೆತ್ತನೆಯ ಬಗ್ಗೆ ರೊಸೆಟ್ಟಿಗೆ ತೀವ್ರ ಅಸಮಾಧಾನವಿತ್ತು.

'''ಕವಿ ಮತ್ತು ಚಿತ್ರಕಾರರ ಭಿನ್ನಾಭಿಪ್ರಾಯ'''

'ದಿ ಲೇಡಿ ಆಫ್ ಶಾಲಟ್' ಕವಿತೆಯ ನಾಯಕಿ ಶಾಪಗ್ರಸ್ತೆ. ಲೋಕವನ್ನು ಕನ್ನಡಿಯಲ್ಲಿ ಮಾತ್ರ ಕಂಡು, ಕಂಡದ್ದನ್ನು ಮಗ್ಗದಲ್ಲಿ ನೇಯುವವಳು. ಆಕೆ ಕಿಟಕಿಯಿಂದ ನೇರವಾಗಿ ಹೊರಗೆ ನೋಡಿದ ಕ್ಷಣದಲ್ಲಿ ಕನ್ನಡಿ ಬಿರಿಯುತ್ತದೆ, ನೇಯ್ಗೆ ಹಾರಿಹೋಗುತ್ತದೆ. ಹಂಟ್ ಈ ಕ್ಷಣವನ್ನೇ ಆರಿಸಿಕೊಂಡು, ನಾಯಕಿಯ ಕೂದಲು ಬಿರುಗಾಳಿಗೆ ಸಿಕ್ಕಂತೆ ಮೇಲೆದ್ದು ಹರಡಿರುವುದಾಗಿಯೂ ನೂಲು ಅವಳ ಮೈಯನ್ನು ಸುತ್ತಿಕೊಂಡಿರುವುದಾಗಿಯೂ ಚಿತ್ರಿಸಿದನು. ಇವೆರಡೂ ಕವಿತೆಯಲ್ಲಿಲ್ಲ. ಟೆನಿಸನ್ ಆಕ್ಷೇಪಿಸಿದನು, ಪಠ್ಯದಲ್ಲಿಲ್ಲದ ಯಾವುದನ್ನೂ ಚಿತ್ರಕಾರನು ಸೇರಿಸಬಾರದೆಂಬುದು ಅವನ ನಿಲುವು. ಕವಿಗೆ ಹಲವು ಪುಟಗಳ ಅವಕಾಶವಿದೆ, ತನಗಿರುವುದು ಅರ್ಧ ಪುಟ ಎಂಬುದು ಹಂಟ್‌ನ ಉತ್ತರ. ಈ ಸಂವಾದವನ್ನು ಹಂಟ್ 1905ರಲ್ಲಿ ಪ್ರಕಟವಾದ ತನ್ನ ನೆನಪುಗಳ ಗ್ರಂಥದಲ್ಲಿ ದಾಖಲಿಸಿರುವುದರಿಂದ, ಇದು ಒಂದು ಪಕ್ಷದ ಸಾಕ್ಷ್ಯವೆಂಬುದನ್ನು ಓದುಗರು ಗಮನಿಸಬೇಕು.

ಸ್ವಾತಂತ್ರ್ಯ ವಹಿಸುವುದರಲ್ಲಿ ರೊಸೆಟ್ಟಿ ಇನ್ನೂ ಮುಂದೆ ಹೋದನು. 'ದಿ ಪ್ಯಾಲೇಸ್ ಆಫ್ ಆರ್ಟ್' ಕವಿತೆಯ ನಾಲ್ಕೇ ಸಾಲುಗಳಲ್ಲಿ ಸಂತ ಸಿಸಿಲಿಯಾ ವಾದ್ಯದ ಬಳಿ ನಿದ್ರಿಸುತ್ತಾಳೆ, ದೇವದೂತನು ಅವಳನ್ನು ನೋಡುತ್ತಾನೆ, ಅಷ್ಟೆ. ರೊಸೆಟ್ಟಿಯ ದೇವದೂತನಾದರೋ ಅವಳನ್ನು ಅಪ್ಪಿ ಬಾಗಿದ್ದಾನೆ. ಮುಂಭಾಗದಲ್ಲಿ ಸೈನಿಕನೊಬ್ಬ ನಿಶ್ಚಿಂತೆಯಿಂದ ಸೇಬು ತಿನ್ನುತ್ತಿದ್ದಾನೆ! ಈ ಚಿತ್ರಕ್ಕೂ ತನ್ನ ಸಾಲುಗಳಿಗೂ ಏನು ಸಂಬಂಧವೆಂದು ಟೆನಿಸನ್‌ಗೆ ತಿಳಿಯಲಿಲ್ಲ. ಆದರೂ ಗ್ರಂಥದಲ್ಲಿ ಅತ್ಯಂತ ಸ್ಮರಣೀಯವಾದ ಚಿತ್ರಗಳಲ್ಲಿ ಇದೂ ಒಂದು. ಪಠ್ಯಕ್ಕೆ ನಿಷ್ಠವಾದ ಹಲವು ಭೂದೃಶ್ಯಗಳು ಇಂದು ಕೇವಲ ಪುಟದ ಅಲಂಕಾರಗಳಾಗಿ ಕಾಣುತ್ತವೆ.

'''ಸ್ವಾಗತ'''

31 ಶಿಲ್ಲಿಂಗ್ 6 ಪೆನ್ಸ್ ಬೆಲೆಯ ಈ ಗ್ರಂಥ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಉಳಿದ ಪ್ರತಿಗಳು ರೂಟ್ಲೆಜ್ ಸಂಸ್ಥೆಯ ಪಾಲಾದವು. ಹಂಟ್ ಮಾತ್ರ ತನ್ನ ಕಲ್ಪನೆಯನ್ನು ಬಿಡಲಿಲ್ಲ. ದಶಕಗಳ ನಂತರ ಅದೇ ದೃಶ್ಯವನ್ನು ದೊಡ್ಡ ತೈಲಚಿತ್ರವಾಗಿ ಬಿಡಿಸತೊಡಗಿ, ದೃಷ್ಟಿ ಮಂದವಾದಾಗ ಎಡ್ವರ್ಡ್ ರಾಬರ್ಟ್ ಹ್ಯೂಸ್‌ನ ನೆರವಿನಿಂದ 1905ರಲ್ಲಿ ಪೂರ್ಣಗೊಳಿಸಿದನು. ಅಮೆರಿಕದ ಹಾರ್ಟ್‌ಫರ್ಡ್ ನಗರದ ವಾಡ್ಸ್‌ವರ್ತ್ ಅಥೇನಿಯಂ ಸಂಗ್ರಹಾಲಯದಲ್ಲಿರುವ ಆ ಚಿತ್ರದಲ್ಲಿಯೂ ನಾಯಕಿಯ ಕೂದಲು ಹಾರುತ್ತಲೇ ಇದೆ, ನೂಲು ಅವಳನ್ನು ಸುತ್ತಿಕೊಂಡೇ ಇದೆ.