ಪಾಠಪಟ್ಟಿಯ ಗಡಿ ದಾಟುವುದು ಹೇಗೆ?
ಅಮೆರಿಕದ ಸಮುದಾಯ ಕಾಲೇಜಿನಿಂದ ವಿಶ್ವವಿದ್ಯಾಲಯಕ್ಕೆ ಹೋಗುವ ಮಕ್ಕಳ ಹೆತ್ತವರಿಗಾಗಿ

ವಿದ್ಯೆಗಾಗಿ ಗಡಿ ದಾಟುವುದು ನಮಗೆ ಹೊಸ ಅನುಭವವೇನೂ ಅಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ, ಮಂಗಳೂರಿನ ಕಾಲೇಜಿನ ಮೆಟ್ಟಿಲು ಹತ್ತುವ ನಮ್ಮ ಮಕ್ಕಳು ಅಂಕಪಟ್ಟಿಯೊಂದನ್ನೇ ಹಿಡಿದು ಹೋದರೆ ಸಾಲದಾಯಿತು. ಮೈಗ್ರೇಶನ್ ಸರ್ಟಿಫಿಕೇಟು ಬೇಕು, ಅರ್ಹತಾ ಪತ್ರ ಬೇಕು, ಇಲ್ಲಿ ಕಲಿತದ್ದು ಅಲ್ಲಿಯ ಕಲಿಕೆಗೆ ಸಮಾನವೆಂಬ ಒಪ್ಪಿಗೆ ಬೇಕು. ಕಲಿತ ವಿದ್ಯೆ ತಲೆಯಲ್ಲಿದ್ದರೆ ಸಾಲದು, ಅದನ್ನು ಆಚೆಯವರು ಲೆಕ್ಕಕ್ಕೆ ಹಿಡಿಯಬೇಕು ಎಂಬ ಪಾಠವನ್ನು ಗಡಿನಾಡಿನ ಪ್ರತಿಯೊಂದು ಮನೆಯೂ ಒಂದಲ್ಲ ಒಂದು ಸಲ ಕಲಿತಿದೆ.

ಈಗ ನಮ್ಮ ಮನೆಗಳ ಮಕ್ಕಳು ಇನ್ನೂ ದೂರದ ಗಡಿಗಳನ್ನು ದಾಟುತ್ತಿದ್ದಾರೆ. ಅಮೆರಿಕಕ್ಕೆ ಹೋದವರಲ್ಲಿ ಕೆಲವರು, ಅಲ್ಲಿ ನೆಲೆಸಿದವರ ಮಕ್ಕಳಲ್ಲಿ ಹಲವರು, ನೇರವಾಗಿ ವಿಶ್ವವಿದ್ಯಾಲಯಕ್ಕೆ ಸೇರದೆ ಮೊದಲ ಎರಡು ವರ್ಷ ‘ಕಮ್ಯುನಿಟಿ ಕಾಲೇಜು’ ಎಂದು ಕರೆಯುವ ಸಮುದಾಯ ಕಾಲೇಜಿನಲ್ಲಿ ಓದುತ್ತಾರೆ. ಖರ್ಚು ಕಡಿಮೆ, ಪ್ರವೇಶ ಸುಲಭ, ಅನಂತರ ವಿಶ್ವವಿದ್ಯಾಲಯದ ಮೂರನೆಯ ವರ್ಷಕ್ಕೆ ಸೇರಬಹುದು ಎಂಬುದು ಲೆಕ್ಕಾಚಾರ. ಲೆಕ್ಕಾಚಾರ ತಪ್ಪಲ್ಲ. ಆದರೆ ನಡುವೆ ಒಂದು ಹೊಳೆಯಿದೆ. ಅದನ್ನು ದಾಟುವ ಸಂಕವೇ ‘ಜನರಲ್ ಎಜುಕೇಶನ್’, ಅಂದರೆ ಸಾಮಾನ್ಯ ಶಿಕ್ಷಣದ ಪಾಠಗಳು. ಅದರ ಒಂದು ಹಲಗೆ ತಪ್ಪಿದರೂ ಒಂದು ಸೆಮಿಸ್ಟರು, ಕೆಲವೊಮ್ಮೆ ಒಂದು ವರ್ಷವೇ, ನೀರುಪಾಲಾಗುತ್ತದೆ. ತೋಟದ ಮೇಲೆ ಸಾಲ ಪಡೆದು ಮಗನನ್ನೋ ಮಗಳನ್ನೋ ಕಳುಹಿಸಿದ ಮನೆಗೆ ಒಂದು ವರ್ಷ ಎಂದರೇನೆಂದು ವಿವರಿಸಬೇಕಾಗಿಲ್ಲ.

ಈ ನಷ್ಟ ಕೇವಲ ಊಹೆಯ ಮಾತಲ್ಲ. ಅಮೆರಿಕ ಸರ್ಕಾರದ ಲೆಕ್ಕ ತನಿಖಾ ಕಚೇರಿಯು 2017ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2004ರಿಂದ 2009ರ ಅವಧಿಯಲ್ಲಿ ಒಂದು ಕಾಲೇಜಿನಿಂದ ಮತ್ತೊಂದಕ್ಕೆ ವರ್ಗಾವಣೆಗೊಂಡ ವಿದ್ಯಾರ್ಥಿಗಳು ತಾವು ಗಳಿಸಿದ ಕ್ರೆಡಿಟ್ಟುಗಳಲ್ಲಿ ಸರಾಸರಿ ನೂರಕ್ಕೆ ಸುಮಾರು 43ರಷ್ಟನ್ನು ಕಳೆದುಕೊಂಡಿದ್ದರು. ಓದಿದ್ದಾರೆ, ಪರೀಕ್ಷೆ ಬರೆದಿದ್ದಾರೆ, ಶುಲ್ಕ ತೆತ್ತಿದ್ದಾರೆ; ಆದರೂ ಹೊಸ ಕಾಲೇಜಿನ ದಫ್ತರದಲ್ಲಿ ಆ ಓದಿಗೆ ಜಾಗವಿಲ್ಲ.

ಸಮುದಾಯ ಕಾಲೇಜು ಎಂದರೇನು?

ಅಮೆರಿಕದಲ್ಲಿ ಇಂತಹ ಸಾರ್ವಜನಿಕ ಕಾಲೇಜುಗಳಲ್ಲಿ ಅತ್ಯಂತ ಹಳೆಯದು ಇಲಿನಾಯ್ ರಾಜ್ಯದ ಜೋಲಿಯೆಟ್ ಜೂನಿಯರ್ ಕಾಲೇಜು. ಅದರ ಆರಂಭ 1901ರಲ್ಲಿ. ಕ್ಯಾಲಿಫೋರ್ನಿಯ ರಾಜ್ಯವು 1960ರಲ್ಲಿ ಉನ್ನತ ಶಿಕ್ಷಣಕ್ಕೆ ಒಂದು ಮಹಾಯೋಜನೆಯನ್ನು ರೂಪಿಸಿ ಮೂರು ಹಂತಗಳನ್ನು ಏರ್ಪಡಿಸಿತು. ಪ್ರೌಢಶಾಲೆಯಿಂದ ಹೊರಬರುವವರಲ್ಲಿ ಮೊದಲ ಎಂಟನೆಯ ಒಂದು ಭಾಗಕ್ಕೆ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯ, ಮೊದಲ ಮೂರನೆಯ ಒಂದು ಭಾಗಕ್ಕೆ ರಾಜ್ಯ ವಿಶ್ವವಿದ್ಯಾಲಯ, ಉಳಿದ ಎಲ್ಲರಿಗೂ ಸಮುದಾಯ ಕಾಲೇಜು. ಆದರೆ ಕೆಳಗಿನ ಹಂತದಿಂದ ಮೇಲಿನದಕ್ಕೆ ಏರಲು ಏಣಿ ಇರಲೇಬೇಕೆಂದು ಆ ಯೋಜನೆ ಹೇಳಿತು. ಆ ಏಣಿಯೇ ವರ್ಗಾವಣೆ. ಇಂದು ಆ ರಾಜ್ಯದಲ್ಲಿ 116 ಸಮುದಾಯ ಕಾಲೇಜುಗಳಿವೆ. ಆದುದರಿಂದ ಆ ರಾಜ್ಯದ ಪದ್ಧತಿಯನ್ನೇ ಇಲ್ಲಿ ಉದಾಹರಣೆಗೆ ತೆಗೆದುಕೊಳ್ಳುವುದು ಉಚಿತ.

ಅಲ್ಲಿ ಕಲಿಕೆಯನ್ನು ಅಳೆಯುವ ಮಾನ ‘ಯೂನಿಟ್’. ಮೂರು ಯೂನಿಟಿನ ಪಾಠವೆಂದರೆ ಸಾಮಾನ್ಯವಾಗಿ ವಾರಕ್ಕೆ ಮೂರು ಗಂಟೆಯ ತರಗತಿ, ಅದಕ್ಕೆ ಇಮ್ಮಡಿ ಮನೆಯ ಓದು. ಮೂರನೆಯ ವರ್ಷಕ್ಕೆ ಸೇರಲು 60 ಸೆಮಿಸ್ಟರ್ ಯೂನಿಟುಗಳು ಬೇಕು. ಸೆಮಿಸ್ಟರಿಗೆ 15ರಂತೆ ನಾಲ್ಕು ಸೆಮಿಸ್ಟರು. ಅಲ್ಲಿಗೆ ಎರಡು ವರ್ಷ.

ಹನ್ನೊಂದು ಪಾಠಗಳ ಪಟ್ಟಿ

ಹಿಂದೆ ಎರಡು ವಿಶ್ವವಿದ್ಯಾಲಯ ವ್ಯವಸ್ಥೆಗಳಿಗೂ ಬೇರೆ ಬೇರೆ ಪಟ್ಟಿಗಳಿದ್ದವು. 1991ರಿಂದ ಎರಡಕ್ಕೂ ಸಲ್ಲುವಂತಹ ‘ಐ-ಗೆಟ್‌ಸಿ’ ಎಂಬ ಪಟ್ಟಿ ಬಂದರೂ ರಾಜ್ಯ ವಿಶ್ವವಿದ್ಯಾಲಯದ ಪ್ರತ್ಯೇಕ ಪಟ್ಟಿ ಉಳಿದೇ ಇತ್ತು. ಯಾವುದನ್ನು ಹಿಡಿಯಬೇಕೆಂದು ತಿಳಿಯದೆ ವಿದ್ಯಾರ್ಥಿಗಳು ಗೊಂದಲಕ್ಕೊಳಗಾಗುತ್ತಿದ್ದರು. 2021ರಲ್ಲಿ ಆದ ಶಾಸನವೊಂದು ಒಂದೇ ಪಟ್ಟಿ ಇರಬೇಕೆಂದು ವಿಧಿಸಿತು. ಅದರಂತೆ 2025ರ ಶರತ್ಕಾಲದ ಸೆಮಿಸ್ಟರಿನಿಂದ ‘ಕ್ಯಾಲ್-ಗೆಟ್‌ಸಿ’ ಎಂಬ ಹೊಸ ಪಟ್ಟಿ ಜಾರಿಗೆ ಬಂದಿದೆ. ಅದಕ್ಕೆ ಮುಂಚೆ ಸೇರಿ, ಓದನ್ನು ಮುರಿಯದೆ ಮುಂದುವರಿಸಿದವರು ಹಳೆಯ ಪಟ್ಟಿಯನ್ನೇ ಅನುಸರಿಸಬಹುದು.

ಹೊಸ ಪಟ್ಟಿಯಲ್ಲಿ ಆರು ವಿಭಾಗಗಳು, ಹನ್ನೊಂದು ಪಾಠಗಳು, ಒಟ್ಟು 34 ಯೂನಿಟುಗಳು. ಅವು ಹೀಗಿವೆ:

ಒಂದನೆಯದು ಇಂಗ್ಲಿಷ್ ಸಂವಹನ: ಪ್ರಬಂಧ ರಚನೆ, ವಿಮರ್ಶಾತ್ಮಕ ಚಿಂತನೆ ಮತ್ತು ಬರವಣಿಗೆ, ಮೌಖಿಕ ಸಂವಹನ ಎಂಬ ಮೂರು ಪಾಠ, 9 ಯೂನಿಟ್. ಎರಡನೆಯದು ಗಣಿತ, ಒಂದು ಪಾಠ, 3 ಯೂನಿಟ್. ಮೂರನೆಯದು ಕಲೆ ಮತ್ತು ಮಾನವಿಕ ವಿಷಯ: ಕಲೆಯಲ್ಲಿ ಒಂದು, ಸಾಹಿತ್ಯ, ತತ್ತ್ವಶಾಸ್ತ್ರ ಮುಂತಾದವುಗಳಲ್ಲಿ ಒಂದು, 6 ಯೂನಿಟ್. ನಾಲ್ಕನೆಯದು ಸಮಾಜ ವಿಜ್ಞಾನ: ಎರಡು ಭಿನ್ನ ಶಾಸ್ತ್ರಗಳಿಂದ ಎರಡು ಪಾಠ, 6 ಯೂನಿಟ್. ಐದನೆಯದು ವಿಜ್ಞಾನ: ಭೌತ ವಿಜ್ಞಾನಗಳಲ್ಲಿ ಒಂದು, ಜೀವ ವಿಜ್ಞಾನಗಳಲ್ಲಿ ಒಂದು, ಇವುಗಳಲ್ಲೊಂದಕ್ಕೆ ಪ್ರಯೋಗಶಾಲೆ, 7 ಯೂನಿಟ್. ಆರನೆಯದು ಜನಾಂಗ ಅಧ್ಯಯನ, ಒಂದು ಪಾಠ, 3 ಯೂನಿಟ್. ಪ್ರತಿಯೊಂದು ಪಾಠದಲ್ಲಿಯೂ ‘ಸಿ’ ಶ್ರೇಣಿಗೆ ಕಡಿಮೆಯಾಗಬಾರದು; ‘ಸಿ’ಯ ಮುಂದೆ ಒಂದು ಋಣಚಿಹ್ನೆ ಬಿದ್ದರೂ ಈ ಪಟ್ಟಿಗೆ ಅದು ಸಲ್ಲದು.

ರಾಜ್ಯ ವಿಶ್ವವಿದ್ಯಾಲಯಕ್ಕೆ ಹೋಗುವವರು ಮೊದಲನೆಯ ವಿಭಾಗದ ಮೂರು ಪಾಠಗಳನ್ನೂ ಗಣಿತವನ್ನೂ ಪ್ರವೇಶಕ್ಕೆ ಮೊದಲೇ ಮುಗಿಸಿರಬೇಕು. ಈ ನಾಲ್ಕನ್ನು ಅಲ್ಲಿಯವರು ‘ಚಿನ್ನದ ನಾಲ್ಕು’ ಎನ್ನುತ್ತಾರೆ. ನಮ್ಮ ಹುಡುಗರು ಗಣಿತವನ್ನು ಸಲೀಸಾಗಿ ಮುಗಿಸಿ, ಸಭೆಯೆದುರು ನಿಂತು ಮಾತನಾಡಬೇಕಾದ ಮೌಖಿಕ ಪಾಠವನ್ನು ಮುಂದೂಡುವುದುಂಟು. ಹಾಗೆ ಮುಂದೂಡಿದ ಪಾಠವೇ ಕೊನೆಗೆ ಬಾಗಿಲಲ್ಲಿ ಅಡ್ಡ ನಿಲ್ಲುತ್ತದೆ.

ಎಲ್ಲರಿಗೂ ಒಂದೇ ಅಳತೆಯಲ್ಲ

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಸಾಮಾನ್ಯ ಶಿಕ್ಷಣದ ಪಟ್ಟಿ ಮುಗಿಯಿತೆಂದರೆ ಪ್ರವೇಶ ಸಿಕ್ಕಿತೆಂದು ಅರ್ಥವಲ್ಲ. ಆಯ್ದ ಮುಖ್ಯ ವಿಷಯಕ್ಕೆ ಬೇಕಾದ ಪೂರ್ವಸಿದ್ಧತೆಯ ಪಾಠಗಳು ಬೇರೆಯೇ ಇರುತ್ತವೆ.

ಎಂಜಿನಿಯರಿಂಗ್ ಬಯಸುವ ವಿದ್ಯಾರ್ಥಿಯ ಲೆಕ್ಕವನ್ನು ನೋಡೋಣ. ಅವನಿಗೆ ನಾಲ್ಕು ಗಣಿತ, ಮೂರು ಭೌತಶಾಸ್ತ್ರದ ಪಾಠಗಳು ಬೇಕೆಂದೂ, ಪ್ರತಿಯೊಂದಕ್ಕೂ ಕನಿಷ್ಠ ನಾಲ್ಕು ಯೂನಿಟ್ ಎಂದೂ ಹಿಡಿಯೋಣ, 28 ಆಯಿತು. ಸಾಮಾನ್ಯ ಶಿಕ್ಷಣದ 34ರಲ್ಲಿ ಗಣಿತದ 3, ಭೌತ ವಿಜ್ಞಾನ ಮತ್ತು ಪ್ರಯೋಗಶಾಲೆಯ 4 ಯೂನಿಟುಗಳು ಇದರಲ್ಲಿಯೇ ತೀರುವುದರಿಂದ ಉಳಿಯುವುದು 27. ಒಟ್ಟು 55. ಇನ್ನು ರಸಾಯನಶಾಸ್ತ್ರ, ಕಂಪ್ಯೂಟರ್ ಪ್ರೋಗ್ರಾಮಿಂಗ್ ಸೇರಿದರೆ 60 ದಾಟಿತು. ಎರಡು ವರ್ಷದಲ್ಲಿ ಎಲ್ಲವೂ ಹಿಡಿಸುವುದು ಕಷ್ಟ. ಆದುದರಿಂದ ಎಂಜಿನಿಯರಿಂಗ್ ಮತ್ತು ವಿಜ್ಞಾನದ ವಿದ್ಯಾರ್ಥಿಗಳಿಗೆ ಮುಖ್ಯ ವಿಷಯದ ಪಾಠಗಳನ್ನು ಮೊದಲು ಮುಗಿಸಬೇಕೆಂದು ಸಲಹೆ ನೀಡುತ್ತಾರೆ. ಇತಿಹಾಸ, ಅರ್ಥಶಾಸ್ತ್ರ, ಮನಃಶಾಸ್ತ್ರ ಮುಂತಾದವನ್ನು ಓದುವವರಿಗೆ ಪೂರ್ಣ ಪಟ್ಟಿಯನ್ನು ಮುಗಿಸಿ ಹೋಗುವುದೇ ಹೆಚ್ಚು ಅನುಕೂಲ.

ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯಕ್ಕೆ ಸೇರಲು ಪೂರ್ಣ ಪಟ್ಟಿ ಸಾಮಾನ್ಯವಾಗಿ ಕಡ್ಡಾಯವಲ್ಲ. ಅಲ್ಲಿ ಕನಿಷ್ಠ ಏಳು ಪಾಠಗಳ ನಿಯಮವಿದೆ. ಎರಡು ಇಂಗ್ಲಿಷ್, ಒಂದು ಗಣಿತ, ಉಳಿದ ನಾಲ್ಕು ಪಾಠಗಳನ್ನು ಕಲೆ, ಸಮಾಜ ವಿಜ್ಞಾನ, ವಿಜ್ಞಾನ ಇವುಗಳಲ್ಲಿ ಕನಿಷ್ಠ ಎರಡು ವಿಭಾಗಗಳಿಂದ ಆಯ್ದುಕೊಳ್ಳಬೇಕು. ಆ ವಿಶ್ವವಿದ್ಯಾಲಯದ ಆರು ಕೇಂದ್ರಗಳು, ಅಂದರೆ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್, ನಿಗದಿತ ಅರ್ಹತೆ ಉಳ್ಳ ಸಮುದಾಯ ಕಾಲೇಜಿನ ವಿದ್ಯಾರ್ಥಿಗೆ ಮುಂಗಡವಾಗಿ ಪ್ರವೇಶದ ಭರವಸೆ ಕೊಡುತ್ತವೆ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೋ ಕೇಂದ್ರಗಳಲ್ಲಿ ಈ ಏರ್ಪಾಡು ಇಲ್ಲ. ರಾಜ್ಯ ವಿಶ್ವವಿದ್ಯಾಲಯದ ಮಟ್ಟಿಗೆ 2010ರ ಶಾಸನದಂತೆ ವರ್ಗಾವಣೆಗೆಂದೇ ರೂಪಿಸಿದ ಎರಡು ವರ್ಷದ ಪದವಿಯೊಂದಿದೆ. ಅದನ್ನು ಪಡೆದವರಿಗೆ ಆ ವ್ಯವಸ್ಥೆಯಲ್ಲಿ ಎಲ್ಲಾದರೂ ಒಂದು ಸ್ಥಾನ ಖಚಿತ. ಕೇಳಿದ ಊರಿನಲ್ಲಿಯೇ ಸಿಗುತ್ತದೆಂಬ ಭರವಸೆ ಮಾತ್ರ ಇಲ್ಲ.

ಈ ಪಟ್ಟಿ ಕ್ಯಾಲಿಫೋರ್ನಿಯದ ಸಾರ್ವಜನಿಕ ವಿಶ್ವವಿದ್ಯಾಲಯಗಳಿಗಾಗಿ ಮಾಡಿದ್ದು. ಖಾಸಗಿ ವಿಶ್ವವಿದ್ಯಾಲಯಗಳನ್ನಾಗಲಿ, ಬೇರೆ ರಾಜ್ಯಗಳನ್ನಾಗಲಿ ಅದು ಬದ್ಧಗೊಳಿಸುವುದಿಲ್ಲ. ಟೆಕ್ಸಾಸಿನ ಸಾರ್ವಜನಿಕ ಕಾಲೇಜುಗಳಲ್ಲಿ ಸಾಮಾನ್ಯ ಶಿಕ್ಷಣದ ತಿರುಳು 42 ಕ್ರೆಡಿಟ್ ಗಂಟೆಗಳು; ಫ್ಲಾರಿಡಾದಲ್ಲಿ 36. ಒಂದೇ ದೇಶದೊಳಗೂ ರಾಜ್ಯದಿಂದ ರಾಜ್ಯಕ್ಕೆ ಗಡಿಗಳಿವೆ ಎಂಬುದು ನಮಗೆ ಆಶ್ಚರ್ಯ ತರಬೇಕಾಗಿಲ್ಲ.

ಕನ್ನಡ ಮಾಧ್ಯಮಕ್ಕೆ ದೊರೆತ ಬೆಲೆ

ಹಳೆಯ ‘ಐ-ಗೆಟ್‌ಸಿ’ ಪಟ್ಟಿಯಲ್ಲಿ ನಮ್ಮವರು ಗಮನಿಸಬೇಕಾದ ಅಂಶವೊಂದಿದೆ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯಕ್ಕೆ ಹೋಗುವವರು ಇಂಗ್ಲಿಷಲ್ಲದ ಒಂದು ಭಾಷೆಯಲ್ಲಿ ಪರಿಣತಿ ತೋರಿಸಬೇಕೆಂಬ ನಿಯಮ ಅದರಲ್ಲಿತ್ತು. ಆರನೆಯ ತರಗತಿ ಅಥವಾ ಅದಕ್ಕೆ ಮೇಲ್ಪಟ್ಟ ಹಂತದಲ್ಲಿ, ಇಂಗ್ಲಿಷಲ್ಲದ ಮಾಧ್ಯಮದ ಶಾಲೆಯಲ್ಲಿ ಎರಡು ವರ್ಷ ಓದಿ ಉತ್ತೀರ್ಣರಾದ ದಾಖಲೆ ತೋರಿಸಿದರೆ ಆ ನಿಯಮ ಪೂರೈಸಿದಂತೆ ಆಗುತ್ತಿತ್ತು. ಮಲೆಯಾಳದ ನಡುವೆಯೋ ಮರಾಠಿಯ ನಡುವೆಯೋ ಕನ್ನಡ ಶಾಲೆಯನ್ನು ಉಳಿಸಿಕೊಂಡ ಊರಿನವರಿಗೆ ಇದರ ಅರ್ಥ ಬೇಗ ತಿಳಿದೀತು: ‘ಇದರಿಂದ ಮುಂದೆ ಏನು ಪ್ರಯೋಜನ?’ ಎಂದು ಕೇಳಿಸಿಕೊಂಡ ಕನ್ನಡ ಮಾಧ್ಯಮವೇ ಸಾವಿರಾರು ಮೈಲು ದೂರದ ವಿಶ್ವವಿದ್ಯಾಲಯದಲ್ಲಿ ಒಂದು ಅರ್ಹತೆಯಾಗಿ ಲೆಕ್ಕಕ್ಕೆ ಬರುತ್ತಿತ್ತು. ಹೊಸ ಪಟ್ಟಿಯಲ್ಲಿ ಈ ಭಾಷಾ ನಿಯಮವಿಲ್ಲ. ಆದರೂ ಹಳೆಯ ಪಟ್ಟಿಯನ್ನು ಅನುಸರಿಸುವವರು ಶಾಲೆಯಿಂದ ಮಾಧ್ಯಮ ನಮೂದಿಸಿದ ಪತ್ರವನ್ನು ಪಡೆದಿಡುವುದು ಒಳ್ಳೆಯದು.

ಅದೇ ಹಳೆಯ ಪಟ್ಟಿಯಲ್ಲಿ ಇದಕ್ಕೆ ವಿರುದ್ಧವಾದ ನಿಯಮವೂ ಇತ್ತು. ಅಮೆರಿಕದ ಮಾನ್ಯತೆ ಇಲ್ಲದ ಹೊರದೇಶದ ಕಾಲೇಜಿನಲ್ಲಿ ಓದಿದ ಪಾಠಗಳು, ಭಾಷೆಯ ವಿಷಯವೊಂದನ್ನು ಬಿಟ್ಟು, ಈ ಪಟ್ಟಿಗೆ ಸಲ್ಲುತ್ತಿರಲಿಲ್ಲ. ಇಲ್ಲಿ ಒಂದು ವರ್ಷ ಬಿ.ಎಸ್ಸಿ. ಓದಿ ಅಲ್ಲಿಗೆ ಹೋಗುವವರು ಆ ವರ್ಷ ತಾನಾಗಿಯೇ ಲೆಕ್ಕಕ್ಕೆ ಬರುತ್ತದೆಂದು ನಂಬಿ ಕುಳಿತುಕೊಳ್ಳಬಾರದು; ಮೊದಲೇ ಲಿಖಿತವಾಗಿ ಕೇಳಿ ತಿಳಿಯಬೇಕು.

ಮಾಡಬೇಕಾದ ಕೆಲಸಗಳು

ಮೊದಲನೆಯದಾಗಿ, ಸೇರಿದ ಮೊದಲ ಸೆಮಿಸ್ಟರಿನಲ್ಲಿಯೇ ಕಾಲೇಜಿನ ಸಲಹೆಗಾರರನ್ನು ಕಂಡು ನಾಲ್ಕು ಸೆಮಿಸ್ಟರುಗಳ ಯೋಜನೆಯನ್ನು ಕಾಗದದ ಮೇಲೆ ಬರೆಸಿಕೊಳ್ಳಬೇಕು. ಎರಡನೆಯದಾಗಿ, ಯಾವ ಕಾಲೇಜಿನ ಯಾವ ಪಾಠ ಯಾವ ವಿಶ್ವವಿದ್ಯಾಲಯದಲ್ಲಿ ಯಾವ ಪಾಠಕ್ಕೆ ಸಮ ಎಂಬುದನ್ನು ‘ಅಸಿಸ್ಟ್’ ಎಂಬ ಅಧಿಕೃತ ಜಾಲತಾಣದಲ್ಲಿ ನೋಡಬೇಕು. ಗೆಳೆಯರ ಬಾಯಿಮಾತು ಇದಕ್ಕೆ ಆಧಾರವಲ್ಲ. ಮೂರನೆಯದಾಗಿ, ಪಟ್ಟಿ ಮುಗಿದ ಮೇಲೆ ಕಾಲೇಜಿನಿಂದ ಅದರ ದೃಢೀಕರಣವಾಗಬೇಕು. ವಿದ್ಯಾರ್ಥಿ ಅದನ್ನು ತಾನೇ ವಿಚಾರಿಸಿ, ಅರ್ಜಿ ಬೇಕಿದ್ದಲ್ಲಿ ಸಲ್ಲಿಸಿ, ಅದು ವಿಶ್ವವಿದ್ಯಾಲಯಕ್ಕೆ ತಲುಪಿತೇ ಎಂದು ನೋಡಿಕೊಳ್ಳಬೇಕು. ನಾಲ್ಕನೆಯದಾಗಿ, ವಿದ್ಯಾರ್ಥಿ ವೀಸಾದ ಮೇಲೆ ಹೋದವರು ಸೆಮಿಸ್ಟರಿಗೆ ಕನಿಷ್ಠ 12 ಯೂನಿಟ್ ಓದಲೇಬೇಕು. ಕಷ್ಟವಾಯಿತೆಂದು ಕೇಳದೆ ಪಾಠ ಬಿಟ್ಟರೆ ವೀಸಾಕ್ಕೇ ಕುತ್ತು. ಐದನೆಯದಾಗಿ, ಪ್ರತಿಯೊಂದು ಪಾಠದ ಪಠ್ಯಕ್ರಮದ ಪ್ರತಿಯನ್ನು ಜೋಪಾನವಾಗಿಡಬೇಕು. ಬೇರೆ ರಾಜ್ಯಕ್ಕೋ ಖಾಸಗಿ ವಿಶ್ವವಿದ್ಯಾಲಯಕ್ಕೋ ಹೋದಾಗ ವಾದಿಸಲು ಅದೊಂದೇ ಸಾಕ್ಷಿ.

ಖರ್ಚಿನ ಮಾತನ್ನೂ ಸ್ಪಷ್ಟಪಡಿಸಿಕೊಳ್ಳಬೇಕು. ಅಲ್ಲಿಯ ನಿವಾಸಿಗಳಿಗೆ ಯೂನಿಟಿಗೆ 46 ಡಾಲರ್ ಎಂಬ ಶುಲ್ಕ 2012ರಿಂದ ನಡೆದುಬಂದಿದೆ. ಇಲ್ಲಿಂದ ಹೋದ ವಿದ್ಯಾರ್ಥಿಗೆ ಅನಿವಾಸಿ ಶುಲ್ಕವೂ ಸೇರಿ ಮೊತ್ತ ಅನೇಕ ಪಟ್ಟು ಏರುತ್ತದೆ. ‘ಅಲ್ಲಿ ಓದು ಅಗ್ಗವಂತೆ’ ಎಂಬ ಮಾತನ್ನು ನಂಬುವ ಮೊದಲು, ಅದು ಯಾರಿಗೆ ಅಗ್ಗ ಎಂದು ಕೇಳಬೇಕು.

ಏಕೆ ಈ ಪಾಠಗಳು?

ಎಂಜಿನಿಯರನಾಗುವವನಿಗೆ ಚಿತ್ರಕಲೆಯ ಇತಿಹಾಸವೇಕೆ, ಲೆಕ್ಕಪತ್ರ ಕಲಿಯುವವಳಿಗೆ ಜೀವಶಾಸ್ತ್ರವೇಕೆ ಎಂದು ಹೆತ್ತವರು ಕೇಳುವುದು ಸಹಜ. ಹತ್ತನೆಯ ತರಗತಿಯ ಬಳಿಕ ಮಕ್ಕಳನ್ನು ವಿಜ್ಞಾನ, ವಾಣಿಜ್ಯ, ಕಲೆ ಎಂದು ಮೂರು ದಾರಿಗೆ ಅಟ್ಟಿಬಿಡುವುದು ನಮ್ಮ ರೂಢಿ. ಆದರೆ ನಮ್ಮಲ್ಲಿಯೂ ಸರ್ವಪಲ್ಲಿ ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗವು 1948–49ರಲ್ಲಿಯೇ ಸಾಮಾನ್ಯ ಶಿಕ್ಷಣ ಎಲ್ಲ ವಿದ್ಯಾರ್ಥಿಗಳಿಗೂ ಅಗತ್ಯವೆಂದು ಹೇಳಿತ್ತು. ಒಂದು ಕಸುಬನ್ನು ಬಲ್ಲವನು ನಾಲ್ಕು ಜನರ ನಡುವೆ ಬಾಳಲೂ ಕಲಿತಿರಬೇಕೆಂಬುದು ಅದರ ಆಶಯ. ಆರನೆಯ ವಿಭಾಗದ ಜನಾಂಗ ಅಧ್ಯಯನದಲ್ಲಿ ಏಷ್ಯಾ ಮೂಲದ ಅಮೆರಿಕನ್ನರ ಚರಿತ್ರೆಯನ್ನು ಆಯ್ದುಕೊಳ್ಳುವ ಅವಕಾಶವಿದೆ. ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ ಮನುಷ್ಯನಿಗೆ ಪೌರತ್ವ ಸಲ್ಲದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1923ರಲ್ಲಿ ತೀರ್ಪಿತ್ತುದು, 1946ರ ಶಾಸನದಿಂದ ಭಾರತೀಯರಿಗೆ ಆ ಹಕ್ಕು ದೊರೆತುದು, 1956ರಲ್ಲಿ ದಲೀಪ್ ಸಿಂಗ್ ಸೌಂದ್ ಕ್ಯಾಲಿಫೋರ್ನಿಯದಿಂದ ಅಲ್ಲಿಯ ಸಂಸತ್ತಿಗೆ ಆಯ್ಕೆಯಾದುದು ಆ ಚರಿತ್ರೆಗೆ ಸೇರಿದ ಸಂಗತಿಗಳು. ಅಲ್ಲಿ ಬಾಳಬಯಸುವ ನಮ್ಮ ಮಗುವಿಗೆ ಇದು ಅನಾವಶ್ಯಕ ಓದೆಂದು ಹೇಳಲಾದೀತೆ?

ನಮ್ಮ ದೇಶದಲ್ಲಿಯೂ ಕಾಲ ಬದಲಾಗುತ್ತಿದೆ. 2021ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಕ್ರೆಡಿಟ್ಟುಗಳನ್ನು ಕೂಡಿಡುವ ಶೈಕ್ಷಣಿಕ ಬ್ಯಾಂಕಿನ ನಿಯಮಗಳನ್ನು ಹೊರಡಿಸಿತು. 2024ರಲ್ಲಿ ಕೇರಳವು ನಾಲ್ಕು ವರ್ಷದ ಪದವಿಯನ್ನು ಆರಂಭಿಸಿದರೆ, ಅದೇ ವರ್ಷ ಕರ್ನಾಟಕವು ಮೂರು ವರ್ಷದ ಪದವಿಗೆ ಮರಳಿತು. ಎರಡು ರಾಜ್ಯಗಳ ನಡುವೆ ಓಡಾಡುವ ನಮ್ಮ ಮಕ್ಕಳಿಗೆ ಪಾಠಪಟ್ಟಿಯ ಗಡಿ ಇನ್ನು ಮನೆಯ ಬಾಗಿಲಿನಲ್ಲಿಯೇ ಇದೆ. ಮಗು ಮಂಗಳೂರಿಗೆ ಹೋಗಲಿ, ಕ್ಯಾಲಿಫೋರ್ನಿಯಕ್ಕೆ ಹೋಗಲಿ, ಪ್ರವೇಶದ ಶುಲ್ಕ ಕಟ್ಟುವ ಮುಂಚೆ ಹೆತ್ತವರು ಕೇಳಬೇಕಾದ ಪ್ರಶ್ನೆ ಒಂದೇ: ‘ಇಲ್ಲಿ ಕಲಿತದ್ದನ್ನು ಮುಂದಿನವರು ಲೆಕ್ಕಕ್ಕೆ ಹಿಡಿಯುತ್ತಾರೆಯೇ? ಅದನ್ನು ಬರೆದು ಕೊಡುವಿರಾ?’ ಹೀಗೆ ಕೇಳುವುದರಲ್ಲಿ ಸಂಕೋಚವೇನೂ ಬೇಡ. ಕೇಳದೆ ಉಳಿದುದಕ್ಕೆ ತೆರಬೇಕಾದ ಬೆಲೆ ಮಗುವಿನ ಒಂದು ವರ್ಷ.