ಪಲ್ಯದಲ್ಲೇ ಉಳಿದ ಪ್ರೋಟೀನ್

ವಯಸ್ಸಾದವರಿಗೆ ಊಟದ ಬಗ್ಗೆ ನಾವು ಹೇಳುವುದೆಲ್ಲ ‘ಬೇಡ’ಗಳೇ. ಉಪ್ಪು ಬೇಡ, ಸಿಹಿ ಬೇಡ, ರಾತ್ರಿ ಹೊಟ್ಟೆ ತುಂಬ ಬೇಡ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರಿಗೆ ಮೊದಲೆರಡು ಮಾತು ಸರಿಯೇ. ಆದರೆ ಏನು ತಿನ್ನಬೇಕೆಂದು ಹೇಳುವವರು ಕಡಿಮೆ. ಹಾಗಾಗಿ ಎಷ್ಟೋ ಮನೆಗಳಲ್ಲಿ ಎಪ್ಪತ್ತು ದಾಟಿದವರ ಊಟ ಗಂಜಿ, ತಿಳಿಸಾರನ್ನ, ಕಾಫಿ ಜೊತೆ ಎರಡು ಬಿಸ್ಕತ್ತಿಗೆ ಬಂದು ನಿಂತಿದೆ. ಹೊಟ್ಟೆಯೇನೋ ತುಂಬುತ್ತದೆ, ಸ್ನಾಯು ಸೊರಗುತ್ತದೆ.

ಸ್ನಾಯು ದಿನವೂ ಕರಗುತ್ತದೆ, ದಿನವೂ ಕಟ್ಟಿಕೊಳ್ಳುತ್ತದೆ. ಕಟ್ಟಲು ಪ್ರೋಟೀನ್ ಬೇಕು. ಹರೆಯದಲ್ಲಿ ಸ್ವಲ್ಪ ಸಿಕ್ಕರೂ ಆ ಕೆಲಸ ಶುರುವಾಗುತ್ತದೆ; ಮುಪ್ಪಿನಲ್ಲಿ ಅಷ್ಟೇ ಪ್ರಮಾಣಕ್ಕೆ ಸ್ನಾಯು ಓಗೊಡುವುದಿಲ್ಲ, ಹೊತ್ತುಹೊತ್ತಿಗೂ ಹೆಚ್ಚು ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ವಯಸ್ಕರಿಗೆ ಗೊತ್ತುಮಾಡಿದ್ದು ದೇಹತೂಕದ ಕಿಲೋಗೆ 0.83 ಗ್ರಾಂ. 65 ದಾಟಿದವರಿಗೆ 1ರಿಂದ 1.2 ಗ್ರಾಂ ಇರಲಿ ಎಂದು 2013ರಲ್ಲಿ ಅಂತರರಾಷ್ಟ್ರೀಯ ತಜ್ಞರ ಗುಂಪೊಂದು ಸಲಹೆ ಕೊಟ್ಟಿತು. ಅಂದರೆ 55 ಕಿಲೋ ತೂಗುವ ಅಜ್ಜಿಗೆ ದಿನಕ್ಕೆ 55ರಿಂದ 66 ಗ್ರಾಂ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳದೆ ಹೆಚ್ಚಿಸಬಾರದು.

ಇದಕ್ಕೆ ಡಬ್ಬಿಯ ಪುಡಿಯೇನೂ ಬೇಕಿಲ್ಲ. ಬಸ್ಸಾರಿನ ಊಟವನ್ನೇ ನೋಡಿ. ಹುರುಳಿ ಬೇಯಿಸಿ ಬಸಿದ ಕಟ್ಟು ಸಾರಾಗುತ್ತದೆ, ಕಾಳು ಪಲ್ಯಕ್ಕೆ ಹೋಗುತ್ತದೆ. ಹಲ್ಲು ಬಿದ್ದ ಅಜ್ಜ ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗಿ ಏಳುತ್ತಾರೆ. ಪ್ರೋಟೀನಿನ ಬಹುಪಾಲು ಅವರು ಮುಟ್ಟದ ಪಲ್ಯದಲ್ಲೇ ಉಳಿಯಿತು! ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದೆ, 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ. ಪ್ರೋಟೀನ್ ಮಾತ್ರ 7 ಗ್ರಾಂ ಆಸುಪಾಸು. ಹುರುಳಿಯಲ್ಲಿ ಅದರ ಮೂರು ಪಟ್ಟು. ಒಂದು ಹಿಡಿ ಬೆಂದ ಕಾಳನ್ನು ನುಣ್ಣಗೆ ರುಬ್ಬಿ ಅದೇ ಸಾರಿಗೆ ಸೇರಿಸಿದರಾಯಿತು. ಬೇಳೆ, ಸೊಪ್ಪು ಎರಡನ್ನೂ ಮಸೆದ ಮಸ್ಸೊಪ್ಪಂತೂ ಹಲ್ಲಿಲ್ಲದವರಿಗೆ ಹೇಳಿ ಮಾಡಿಸಿದ್ದು. ತಿನ್ನುವವರಿಗೆ ಮೊಟ್ಟೆ, ಒಂದರಲ್ಲಿ 6 ಗ್ರಾಂ. ಈ ಪಾಠ ಹಿರಿಯರ ಜೊತೆಗೆ ಮನೆಯಲ್ಲಿ ಒಲೆ ಹಚ್ಚುವವರಿಗೂ ತಲುಪಬೇಕು, ಏಕೆಂದರೆ ಬಡಿಸುವವರು ಅವರು.

ಊಟವೊಂದರಿಂದಲೇ ಬಲ ಬರುವುದೂ ಇಲ್ಲ. 1994ರಲ್ಲಿ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ಬಾಸ್ಟನ್ನಿನ ಆರೈಕೆ ಕೇಂದ್ರವೊಂದರ 100 ಮಂದಿ ನಿತ್ರಾಣ ವೃದ್ಧರ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಅವರ ಸರಾಸರಿ ವಯಸ್ಸು 87. ಹತ್ತು ವಾರ ಕಾಲಿಗೆ ಭಾರದ ವ್ಯಾಯಾಮ ಮಾಡಿದವರ ಬಲ ಎರಡು ಪಟ್ಟಿಗೂ ಮೀರಿತು. ಪೌಷ್ಟಿಕ ಪಾನೀಯವನ್ನಷ್ಟೇ ಕುಡಿದವರಲ್ಲಿ ಆ ಬದಲಾವಣೆ ಕಾಣಲಿಲ್ಲ. ಆದ್ದರಿಂದ ಊಟದ ಪಾಠ ಹೇಳಲು ಬಂದ ಆರೋಗ್ಯ ಕಾರ್ಯಕರ್ತೆ, ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದನ್ನೂ ಅದೇ ದಿನ ಜೊತೆಗೆ ನಿಂತು ಮಾಡಿಸಬೇಕು.